ಅತ್ತೆಯ ಹಣೆಗೆ ನೀಲಿ ಬಣ್ಣ

ಬೆಳಿಗ್ಗೆ ಎಂಟಕ್ಕೆ ಮೈಸೂರಿನ ಅಗ್ರಹಾರದ ನಮ್ಮ ಮನೆ ಜಗಲಿಯಲ್ಲಿ ಅತ್ತೆ ಮಲ್ಲಿಗೆ ಕಟ್ಟುತ್ತ ಕೂರುತ್ತಾರೆ. ನಾಲ್ಕು ಮಾರು ಮುಗಿಯುವವರೆಗೆ ಕದಲುವುದಿಲ್ಲ. ಎಣ್ಣೆಬಣ್ಣದಲ್ಲಿ ಇಂಪ್ರೆಷನಿಸ್ಟ್ ಶೈಲಿಯ, ಅಂದರೆ ವಿವರಕ್ಕಿಂತ ಆ ಹೊತ್ತಿನ ಬೆಳಕನ್ನು ಹಿಡಿಯುವ, ಭಾವಚಿತ್ರ ಕಲಿಯುವವರಿಗೆ ಇಂಥವರೊಬ್ಬರು ಸಿಕ್ಕರೆ ಅರ್ಧ ಕೆಲಸ ಆದಂತೆ. ಫೋಟೊ ನೋಡಿ ಬಿಡಿಸಬೇಡಿ. ನೆರಳಿನೊಳಗಿನ ಬಣ್ಣ ಅದರಲ್ಲಿ ಸತ್ತುಹೋಗಿರುತ್ತದೆ.

12×16 ಇಂಚಿನ ಕ್ಯಾನ್ವಾಸ್ ಬೋರ್ಡ್, ಬಿರುಸು ಕೂದಲಿನ ಮೂರು ಚಪ್ಪಟೆ ಬ್ರಷ್, ಟರ್ಪಂಟೈನ್, ಅಗಸೆ ಎಣ್ಣೆ, ಹಳೇ ಬಟ್ಟೆ ಇಟ್ಟುಕೊಳ್ಳಿ. ಬಣ್ಣ ಆರು ಸಾಕು: ಟೈಟಾನಿಯಂ ವೈಟ್, ಯೆಲ್ಲೊ ಆಕರ್, ಕ್ಯಾಡ್ಮಿಯಂ ರೆಡ್, ಅಲಿಜರಿನ್ ಕ್ರಿಮ್ಸನ್, ಬರ್ನ್ಟ್ ಸಿಯೆನ್ನಾ (ಕೆಂಪು ಬೆರೆತ ಕಂದು), ಅಲ್ಟ್ರಾಮರೀನ್ ಬ್ಲೂ. ಕಪ್ಪು ಬೇಡ. ನನ್ನ ಮೊದಲ ಚಿತ್ರದಲ್ಲಿ ಕೂದಲಿಗೆ ಕಪ್ಪು ಬಳಿದು, ತಲೆ ಇರಬೇಕಾದ ಕಡೆ ಬಾವಿ ತೋಡಿದ್ದೆ. ಅಲ್ಟ್ರಾಮರೀನ್‌ಗೆ ಸಿಯೆನ್ನಾ ಬೆರೆಸಿದರೆ ಎಣ್ಣೆ ಹಚ್ಚಿದ ಕೂದಲಿನ ಕಪ್ಪು ತಾನಾಗಿ ಬರುತ್ತದೆ.

ಹಿಂದಿನ ದಿನವೇ ಸಿಯೆನ್ನಾವನ್ನು ಟರ್ಪಂಟೈನ್‌ನಲ್ಲಿ ತೆಳ್ಳಗೆ ಮಾಡಿ ಬೋರ್ಡಿಗೆಲ್ಲ ಬಳಿದು ಒರೆಸಿಬಿಡಿ. ಬೆಳ್ಳಗಿನ ಬೋರ್ಡಿನ ಮೇಲೆ ಯಾವ ಬಣ್ಣವೂ ಸರಿಯಾಗಿ ಅಂದಾಜಿಗೆ ಸಿಗುವುದಿಲ್ಲ. ಮರುದಿನ ಕಣ್ಣು ಕಿರಿದು ಮಾಡಿ ನೋಡಿ: ಮೂಗು, ಬಾಯಿ ಮಾಯವಾಗಿ ಬೆಳಕಿನ ಒಂದು ತುಂಡು, ನೆರಳಿನ ಒಂದು ತುಂಡು, ಕೂದಲು, ಸೀರೆ ಮಾತ್ರ ಉಳಿಯುತ್ತವೆ. ಅಷ್ಟನ್ನೇ ದೊಡ್ಡ ಬ್ರಷ್‌ನಲ್ಲಿ ಹಾಕಿ.

ಮೈಬಣ್ಣದಲ್ಲೇ ಎಲ್ಲರೂ ಎಡವುವುದು. ಬಿಳಿಗೆ ಕೆಂಪು, ಆಕರ್ ಬೆರೆಸಿ ಎನ್ನುವ ಲೆಕ್ಕ ಯುರೋಪಿನ ಗುಲಾಬಿ ಕೆನ್ನೆಗೆ ಸರಿ. ನಮ್ಮ ಎಣ್ಣೆಗೆಂಪಿಗೆ ಸಿಯೆನ್ನಾದಿಂದ ಶುರು ಮಾಡಿ. ನಮ್ಮ ಜಗಲಿ ಪಶ್ಚಿಮಕ್ಕಿದೆ, ಬೆಳಿಗ್ಗೆ ನೇರ ಬಿಸಿಲಿಲ್ಲ. ಬರುವ ಬೆಳಕೆಲ್ಲ ಆಕಾಶದ್ದು. ಆದ್ದರಿಂದ ಹಣೆಯ ಹೊಳಪು ನೀಲಿ ಬೆರೆತ ಬೂದು. ಗದ್ದದ ಕೆಳಗೆ ಮಾತ್ರ ಕೆಂಪು ಗಾರೆ ನೆಲದ ಪ್ರತಿಬಿಂಬ, ಕಾದ ಹೆಂಚಿನಂತೆ.

ಅತ್ತೆ ಇಣುಕಿ ನೋಡಿ, "ಏನೇ ಇದು, ಹಣೆಗೆ ನೀಲಿ! ನನಗೆ ಕೃಷ್ಣನ ಪಾರ್ಟು ಕೊಟ್ಟಿದ್ದೀಯಾ?" ಅಂದರು.

"ಬೀದಿ ಬಾಗಿಲ ಹತ್ತಿರ ನಿಂತು ನೋಡಿ ಅತ್ತೆ."

ಹೋಗಿ ನಿಂತರು. "ಈಗ ನಾನೇ ಕಣೇ. ಮೂಗುಬೊಟ್ಟು ಎಲ್ಲಿ?"

ಬಣ್ಣ ಇಟ್ಟ ಮೇಲೆ ತಿಕ್ಕಬೇಡಿ, ಕೆಸರಾಗುತ್ತದೆ. ತಪ್ಪಿದ್ದರೆ ಕೆರೆದು ಮತ್ತೆ ಇಡಿ. ಕೆಳಗಿನ ಪದರಕ್ಕೆ ಟರ್ಪಂಟೈನ್ ಹೆಚ್ಚು, ಮೇಲಿನದಕ್ಕೆ ಎಣ್ಣೆ ಹೆಚ್ಚು. ತಿರುಗುಮುರುಗಾದರೆ ಮುಂದೆ ಬಿರುಕು ಬಿಡುತ್ತದೆ. ಮಲ್ಲಿಗೆಯನ್ನು ಎಣಿಸುತ್ತ ಕೂರಬೇಡಿ. ಮಡಿಲಿನ ಹೂರಾಶಿಗೆ ನೀಲಿಬೂದು ಬಳಿದು, ಬೆರಳ ಹತ್ತಿರ ಮೂರ್ನಾಲ್ಕು ಕಡೆ ಮಾತ್ರ ದಪ್ಪ ಬಿಳಿ ಇಡಿ. ಮೂಗುಬೊಟ್ಟು ಕೊನೆಗೆ, ಬ್ರಷ್‌ನ ಮೂಲೆಯಿಂದ ಒಂದೇ ಚುಕ್ಕೆ.

ಒಂದೂವರೆ ಗಂಟೆ ಕಳೆಯುವಷ್ಟರಲ್ಲಿ ಬೆಳಕು ಬದಲಾಗುತ್ತದೆ. ಬ್ರಷ್ ಕೆಳಗಿಟ್ಟು ನಾಳೆ ಅದೇ ಹೊತ್ತಿಗೆ ಕೂರಿ. ಈ ಶೈಲಿಯ ಫ್ರೆಂಚ್ ಚಿತ್ರಕಾರರಾದ ಮೊನೆ, ರೆನ್ವಾ ಇಂಥ ಓಡುವ ಬೆಳಕಿನ ಹಿಂದೆ ಬಯಲಿಗೆ ಹೋಗಲು 1841ರಲ್ಲಿ ಅಮೆರಿಕದ ಚಿತ್ರಕಾರ ಜಾನ್ ರ‍್ಯಾಂಡ್ ರೂಪಿಸಿದ, ಬಣ್ಣ ತುಂಬುವ ತವರದ ಟ್ಯೂಬೇ ಅನುಕೂಲ ಮಾಡಿಕೊಟ್ಟದ್ದು. ನಡುವೆ ಬಿಡುವಿದ್ದರೆ ಜಗನ್ಮೋಹನ ಅರಮನೆಗೆ ಹೋಗಿ ಚಿತ್ರಕಾರ ಹಲ್ದನ್ಕರರ ದೀಪದ ಹೆಂಗಸಿನ ಚಿತ್ರ ನೋಡಿ ಬನ್ನಿ. ಅದು ಜಲವರ್ಣ, ಶೈಲಿಯೂ ಬೇರೆ. ಆದರೂ ಬೆರಳ ಸಂದಿಯಲ್ಲಿ ಚರ್ಮ ಎಷ್ಟು ಕೆಂಪಾಗಬಲ್ಲದು ಅಂತ ಅಲ್ಲೇ ಗೊತ್ತಾಗುವುದು.

ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದುರಿ ಮೂಲೆಗೆಸೆಯಬೇಡಿ, ತಾನೇ ಕಾದು ಹೊತ್ತಿಕೊಳ್ಳಬಹುದು, ನೀರಲ್ಲಿ ಅದ್ದಿಡಿ. ವಾರ್ನಿಷ್ ಆರು ತಿಂಗಳ ನಂತರ.