ಬಿಪಿ ಮಾತ್ರೆಯ ಬೆನ್ನು ಹತ್ತಿ ಪಾವಗಡದಲ್ಲಿ

ತುಮಕೂರು ಜಿಲ್ಲೆಯ ಪಾವಗಡಕ್ಕೆ ಆರೋಗ್ಯದ ಸಂಶೋಧನೆಗೆಂದು ನಾನು ಮೊದಲ ಸಲ ಹೋದಾಗ ಚೀಲದಲ್ಲಿ ಹದಿನಾಲ್ಕು ಪುಟದ ಪ್ರಶ್ನಾವಳಿ ಇತ್ತು. ಆರೋಗ್ಯ ಕೇಂದ್ರ ಎಷ್ಟು ದೂರ, ಅಲ್ಲಿ ಮಾತ್ರೆ ಪುಕ್ಕಟೆ ಸಿಗುತ್ತದೆಯೇ, ಇಂಥ ಪ್ರಶ್ನೆಗಳು. ಹತ್ತಿರವೇ ಇದೆ, ಸಿಗುತ್ತದೆ ಎಂದು ಮನೆಮನೆಯಲ್ಲೂ ಹೇಳಿದರು. ಹಾಳೆಯ ಮೇಲೆ ಎಲ್ಲವೂ ಸರಿಯಾಗಿತ್ತು. ಆದರೆ ಹಾಗೆ ಹೇಳಿದವರ ತೋಳಿಗೇ ಪಟ್ಟಿ ಕಟ್ಟಿ ನೋಡಿದರೆ ಬಿಪಿ ಏರಿರುತ್ತಿತ್ತು. ಕಾಯಿಲೆ ಇದೆ ಎಂದು ಎಷ್ಟೋ ಹಿಂದೆ ಗೊತ್ತಾಗಿ ಮಾತ್ರೆ ಬರೆಸಿಕೊಂಡವರೇ ಅವರು. ನುಂಗುತ್ತಿರಲಿಲ್ಲ. ಯಾಕೆ ಎಂದು ಬರೆದುಕೊಳ್ಳಲು ನನ್ನ ಹದಿನಾಲ್ಕು ಪುಟದಲ್ಲಿ ಜಾಗ ಇರಲಿಲ್ಲ.

ಪ್ರಶ್ನಾವಳಿ ಪಕ್ಕಕ್ಕಿಟ್ಟೆ. ಒಂದು ಮಾತ್ರೆ ಒಬ್ಬರ ಬಾಯಿಗೆ ಹೇಗೆ ಬರುತ್ತದೆ, ಎಲ್ಲಿ ತಪ್ಪಿಹೋಗುತ್ತದೆ ಎಂದು ಜೊತೆಗೇ ನಡೆದು ನೋಡುವುದು ಎಂದು ತೀರ್ಮಾನಿಸಿದೆ.

ಮೊದಲು ಜೊತೆಗೂಡಿದ್ದು ಶೇಂಗಾ ಹೊಲಕ್ಕೆ ಕೂಲಿಗೆ ಹೋಗುವ ಒಬ್ಬ ಹೆಂಗಸಿನೊಂದಿಗೆ. ಐವತ್ತು ದಾಟಿದ ವಯಸ್ಸು. ಬೆಳಿಗ್ಗೆ ಮೊಮ್ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಆಟೋಗೆ ಕಾದರು. ಕೇಂದ್ರದಲ್ಲಿ ಚೀಟಿಗೆ ಒಂದು ಸಾಲು, ಬಿಪಿ ನೋಡಿಸಲು ಇನ್ನೊಂದು, ಮಾತ್ರೆಗೆ ಮತ್ತೊಂದು. ಕೈಗೆ ಬಂದದ್ದು ಹತ್ತು ದಿನದ ಮಾತ್ರೆ. ಅಂದರೆ ತಿಂಗಳಿಗೆ ಮೂರು ಸಲ ಹೀಗೇ ಬರಬೇಕು, ಮೂರು ದಿನದ ಕೂಲಿ ಬಿಡಬೇಕು. ವಾಪಸು ಬರುವಾಗ ಅವರು ಹೇಳಿದರು: "ಮಾತ್ರೆಗೆ ದುಡ್ಡು ಬೀಳಲ್ಲಮ್ಮ, ಹೋಗಿ ಬರೋಕೇ ಬೀಳ್ತೈತೆ." ದೂರ ಎಂದರೆ ಕಿಲೋಮೀಟರ್ ಎಂದುಕೊಂಡು ಇಷ್ಟು ವರ್ಷ ಅಳೆದವಳು ನಾನು. ಅವರ ಲೆಕ್ಕದಲ್ಲಿ ದೂರ ಎಂದರೆ ಕೂಲಿ.

ಆಮೇಲೆ ನನ್ನ ನೋಟ್‌ಬುಕ್ಕಿನಲ್ಲಿ ಪ್ರತಿ ಭೇಟಿಗೂ ಹೊಸ ಕಾಲಂಗಳು ಬಂದವು: ಬಿಟ್ಟ ಕೂಲಿ, ಆಟೋ, ಜೊತೆಗೆ ಬಂದವರ ಕೂಲಿ, ಮನೆಯಲ್ಲಿ ಮಗು ನೋಡಿಕೊಂಡವರು ಯಾರು, ಎಷ್ಟು ಹೊತ್ತು ನಿಂತರು. ಗಂಡಹೆಂಡತಿ ಇಬ್ಬರಿಗೂ ಬಿಪಿ ಇರುವ ಮನೆಗಳಲ್ಲಿ ಯಾರ ಮಾತ್ರೆ ಮೊದಲು ತಪ್ಪುತ್ತದೆ ಎಂದೂ ಬರೆದುಕೊಳ್ಳತೊಡಗಿದೆ. ನಾನು ಕೂತು ಮಾತಾಡಿದ ಮನೆಗಳಲ್ಲಿ ಮತ್ತೆ ಮತ್ತೆ ಅದು ಹೆಂಡತಿಯದೇ.

ಇನ್ನೊಂದು ಜಾಡು ಮಂಡಿನೋವಿನದು. ಪಾವಗಡದ ಬಹುಪಾಲು ಸುತ್ತ ಆಂಧ್ರ, ಮನೆಮಾತು ಅನೇಕರಿಗೆ ತೆಲುಗು. ಬಿಪಿ ಬಗ್ಗೆ ಕೇಳಿದರೆ ಉತ್ತರ ಬರುತ್ತಿದ್ದುದು 'ಮೋಕಾಳ್ಳ ನೊಪ್ಪುಲು' ಎಂದು. ಮಾತು ಬೇರೆಡೆ ಹೋಗುತ್ತಿದೆ ಎಂದು ಮೊದಮೊದಲು ನಾನೇ ತಿರುಗಿಸಿ ತರುತ್ತಿದ್ದೆ. ಅದು ದೊಡ್ಡ ತಪ್ಪು. ಇಲ್ಲಿನ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಎನ್ನುವುದು ನಿಯಮ. ಅದಕ್ಕಿಂತ ಹೆಚ್ಚಿನ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದುಗಟ್ಟುತ್ತದೆ, ದೊಡ್ಡವರ ಕೀಲು, ಬೆನ್ನು ಬಿಗಿಯುತ್ತದೆ. ನೋವು ತಡೆಯದೆ ಅಂಗಡಿಯಿಂದ ಬಿಡಿ ಮಾತ್ರೆ ತಂದು ನುಂಗಿ ಹೊಲಕ್ಕೆ ಹೋಗುತ್ತಾರೆ. ಆ ನೋವಿನ ಮಾತ್ರೆಗಳಲ್ಲಿ ಹಲವು ಬಿಪಿ ಏರಿಸುತ್ತವೆ, ದಿನಾ ನುಂಗಿದರೆ ಮೂತ್ರಪಿಂಡಕ್ಕೂ ಪೆಟ್ಟು. ಅವರು ಮಾತು ತಿರುಗಿಸುತ್ತಿರಲಿಲ್ಲ, ಬಿಪಿಯ ಕಥೆಯನ್ನೇ ಹೇಳುತ್ತಿದ್ದರು. ಅಂದಿನಿಂದ ಯಾವ ಮನೆಗೆ ಹೋದರೂ ಯಾವ ನೀರು ಕುಡಿಯುತ್ತೀರಿ, ಶುದ್ಧ ನೀರಿನ ಘಟಕ ನಡೆಯುತ್ತಿದೆಯೇ, ನೋವಿಗೆ ಏನು ನುಂಗುತ್ತೀರಿ ಎಂದು ಮೊದಲು ಕೇಳುತ್ತೇನೆ.

ಎಲ್ಲಿ ಕೂರುತ್ತೇವೆ ಎಂಬುದೂ ಸಂಶೋಧನೆಯೇ. ಆರಂಭದಲ್ಲಿ ಊರೊಳಗಿನ ಒಂದು ಜಗಲಿಯ ಮೇಲೆ ಕೂತು ಎಲ್ಲರನ್ನೂ ಅಲ್ಲಿಗೇ ಕರೆಸುತ್ತಿದ್ದೆ. ದಲಿತ ಕಾಲೋನಿಯವರು ಬಂದು ಕೆಳಗೆ ನಿಂತೇ ಹೂಂ, ಉಹೂಂ ಎಂದು ಹೊರಟುಬಿಡುತ್ತಿದ್ದರು. ನೆನೆದರೆ ಈಗಲೂ ಸಂಕಟವಾಗುತ್ತದೆ. ಕಾಲೋನಿಯೊಳಗೇ ಹೋಗಿ ಅವರ ಮನೆಯಲ್ಲಿ ಚಹಾ ಕುಡಿದು ಕೂತ ಮೇಲೆ ನಿಜವಾದ ಮಾತು ಹೊರಬಂತು.

1971ರಲ್ಲಿ ಜೂಲಿಯನ್ ಟ್ಯೂಡರ್ ಹಾರ್ಟ್ ಎಂಬ ವೈದ್ಯರು ವೇಲ್ಸಿನ ಗಣಿ ಊರೊಂದರಲ್ಲಿ ಕೆಲಸ ಮಾಡುತ್ತಲೇ, ಒಳ್ಳೆಯ ಚಿಕಿತ್ಸೆ ಅದರ ಅಗತ್ಯ ಹೆಚ್ಚಿರುವಲ್ಲೇ ಕಡಿಮೆ ಸಿಗುತ್ತದೆ ಎಂದು ಬರೆದರು. ಪರೀಕ್ಷೆಗೆಂದು ಓದಿಕೊಂಡಿದ್ದ ಆ ಮಾತು ನನಗೆ ಅರ್ಥವಾದದ್ದು ಪಾವಗಡದಲ್ಲಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಎಂಬ ಸರ್ಕಾರಿ ಯೋಜನೆ 2018ರಲ್ಲಿ ಬಂತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಅದರಿಂದ ಉಳಿದ ಜೀವಗಳಿವೆ, ಅದನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಲಕ್ವ ಹೊಡೆದು ಆಸ್ಪತ್ರೆ ಸೇರಿದ ಮೇಲೆ ಒದಗುವ ಕಾರ್ಡು, ಲಕ್ವ ಹೊಡೆಯದಂತೆ ಕಾಯುವ ಮಾತ್ರೆ ತರಲು ಬಿಟ್ಟ ಕೂಲಿಗೆ ಒದಗುವುದಿಲ್ಲ. ಜಿಲ್ಲಾ ಆಸ್ಪತ್ರೆಗೆ ಬರೆದುಕೊಟ್ಟರಂತೂ ತುಮಕೂರು ಇಲ್ಲಿಂದ ಮಧುಗಿರಿ ಮೇಲೆ ಸುಮಾರು 100 ಕಿಲೋಮೀಟರ್. ಆಂಧ್ರದ ಹಿಂದೂಪುರ ಹತ್ತಿರವೆಂದು ಎಷ್ಟೋ ಜನ ಕೈಯಿಂದ ದುಡ್ಡು ಹಾಕಿ ಅತ್ತ ಹೋಗುತ್ತಾರೆ.

ಬರೆದುಕೊಂಡದ್ದನ್ನು ವರದಿಗೆ ಮೊದಲು ಊರಿನವರ ಮುಂದೆಯೇ ಓದಿದೆ, ಆಶಾ ಕಾರ್ಯಕರ್ತೆಯರೂ ವೈದ್ಯರೂ ಕೂತಿದ್ದರು. ನನ್ನ ಲೆಕ್ಕವನ್ನು ಹೆಂಗಸರೇ ತಿದ್ದಿದರು: ಕಾಯುವಾಗ ಕುಡಿದ ಕಾಫಿ, ತಿಂಡಿ ಬಿಟ್ಟುಹೋಗಿತ್ತಂತೆ. ಚೆನ್ನಾಗಿ ಹಿಡಿತದಲ್ಲಿರುವವರಿಗೆ ಒಂದು ತಿಂಗಳ ಮಾತ್ರೆ ಒಟ್ಟಿಗೆ ಕೊಡೋಣ ಎಂದು ವೈದ್ಯರು ಅಲ್ಲೇ ಒಪ್ಪಿದರು, ಸ್ಟಾಕ್ ಇರುವಾಗಲೆಲ್ಲ ಕೊಡುತ್ತಲೂ ಇದ್ದಾರೆ.

ಹಿಂದಿನಿಂದ ಒಬ್ಬ ಗಂಡಸು ಎದ್ದು ಕೇಳಿದ: ಮಳೆ ಕೈಕೊಟ್ಟ ವರ್ಷ ಕಟ್ಟಡದ ಕೆಲಸಕ್ಕೆ ಬೆಂಗಳೂರಿಗೆ ಹೋಗುತ್ತೇವಲ್ಲ, ಅಲ್ಲಿ ಶೆಡ್ಡಿನಲ್ಲಿರುವಾಗ ಮಾತ್ರೆ ಮುಗಿದರೆ? ನನ್ನಲ್ಲಿ ಉತ್ತರ ಇರಲಿಲ್ಲ. ಈ ಸಲ ಅವರು ಹೊರಟಾಗ ನಾನೂ ಅದೇ ಬಸ್ಸು ಹತ್ತುತ್ತಿದ್ದೇನೆ.