ಮರಕ್ಕಿಂತ ಸೀಮೆಸುಣ್ಣವೇ ಜಾಸ್ತಿ ಸತಾಯಿಸಿತು

ಎರಡು ಗೇಣುದ್ದದ, ಏಸುವಿನ ತಾಯಿ ಮರಿಯಮ್ಮನ ಮರದ ಮೂರ್ತಿ. ಕೆತ್ತಲು ಎರಡು ತಿಂಗಳು, ಬಣ್ಣ ಮುಗಿಸಲು ಆರು ತಿಂಗಳು. ಶನಿವಾರ, ಭಾನುವಾರ ಮಾತ್ರ ಕೂರುತ್ತಿದ್ದೆ ಅನ್ನಿ.

ನಾನು ಕೆಲಸಕ್ಕೆಂದು ಜರ್ಮನಿಯ ವ್ಯೂರ್ಟ್ಸ್‌ಬರ್ಗ್‌ಗೆ ಬಂದವನು. ಇಲ್ಲಿನ ಕೋಟೆಯ ಮ್ಯೂಸಿಯಂನಲ್ಲಿ ಐನೂರು ವರ್ಷ ಹಿಂದಿನ ಶಿಲ್ಪಿ ಟಿಲ್‌ಮನ್ ರೀಮೆನ್‌ಶ್ನೈಡರ್ ಮೂರ್ತಿಗಳನ್ನು ನೋಡಿ ಹುಚ್ಚು ಹಿಡಿಯಿತು. ಅವನು ಹೆಚ್ಚಾಗಿ ಬಳಸಿದ ಲಿಂಡನ್ ಮರವನ್ನೇ ತಂದೆ. ಮೆತ್ತಗಿನ ಮರ, ಉಳಿಗೆ ಸುಲಭವಾಗಿ ಬಗ್ಗುತ್ತದೆ. ಬೆನ್ನನ್ನು ಮಾತ್ರ ದೋಣಿಯ ಹಾಗೆ ಬಗೆದು ಟೊಳ್ಳು ಮಾಡಬೇಕು, ಇಲ್ಲದಿದ್ದರೆ ಒಣಗುತ್ತಾ ಸೀಳುತ್ತದೆ. ಗೋಡೆಗೆ ಆನಿಸಿ ನಿಲ್ಲಿಸುತ್ತಿದ್ದ ಹಳೆಯ ಮೂರ್ತಿಗಳ ಹಿಂದೆ ಇಣುಕಿದರೆ ಇದು ಕಾಣುತ್ತದೆ.

ನಾನು ಸೋತಿದ್ದು ಬಣ್ಣಕ್ಕೆ ಮುಂಚೆ ಮರಕ್ಕೆ ಬಳಿಯುವ ಬಿಳಿ ಲೇಪದಲ್ಲಿ. ಮೊಲದ ಚರ್ಮದ ಸರೇಸಿಗೆ ಸೀಮೆಸುಣ್ಣದ ಪುಡಿ ಕಲಸಿ, ಬಿಸಿನೀರಿನ ಪಾತ್ರೆಯಲ್ಲಿಟ್ಟು ಬೆಚ್ಚಗೆ ಬಳಿಯಬೇಕು. ಕುದಿಸಿದರೆ ಅಂಟಿನ ಶಕ್ತಿ ಹೋಗುತ್ತದೆ. ಎಂಟು ಪದರ ಹಾಕಿದೆ. ಗಟ್ಟಿಯಾಗಲಿ ಅಂತ ಕೊನೆಯ ಪದರಕ್ಕೆ ಸರೇಸು ಜಾಸ್ತಿ ಸುರಿದೆ. ಬೆಳಿಗ್ಗೆ ನೋಡಿದರೆ ಬತ್ತಿದ ಕೆರೆಯಂಗಳದ ಹಾಗೆ ಬಿರುಕು! ಮೇಲಿನ ಪದರ ಕೆಳಗಿನದಕ್ಕಿಂತ ಬಲವಾಗಿದ್ದರೆ ಒಣಗುವಾಗ ಬಿಗಿದು ಎಲ್ಲವನ್ನೂ ಎಳೆಯುತ್ತದೆ. ಒದ್ದೆ ಬಟ್ಟೆಯಿಂದ ಪೂರ್ತಿ ತೆಗೆದು ಮತ್ತೆ ಶುರು ಮಾಡಿದೆ.

ಎರಡನೇ ಸಲ ಬಿರುಕಿಲ್ಲ. ಆದರೆ ಕಣ್ಣಿನ ರೆಪ್ಪೆಗಳು ಲೇಪದಲ್ಲಿ ಮುಳುಗಿಹೋಗಿದ್ದವು, ಸೆರಗಿನ ನೆರಿಗೆಗಳೆಲ್ಲ ಮೊಂಡು. ಕೊಕ್ಕೆಯಂಥ ಸಣ್ಣ ಉಳಿಗಳಿಂದ ಆ ಸುಣ್ಣದಲ್ಲೇ ಎಲ್ಲವನ್ನೂ ಮತ್ತೆ ಕೆತ್ತಿದೆ. ಮರದಲ್ಲಿ ಇನ್ನಷ್ಟು ಆಳ ಬಿಡಬೇಕಿತ್ತು ಅಂತ ಆಗ ಹೊಳೆಯಿತು. ಮ್ಯೂನರ್‌ಸ್ಟಾಟ್ ಊರಿನ ಚರ್ಚಿಗೆ ರೀಮೆನ್‌ಶ್ನೈಡರ್ 1492ರಲ್ಲಿ ಬಣ್ಣವಿಲ್ಲದ ಮರದ ಮೂರ್ತಿಗಳ ಬಲಿಪೀಠ ಮಾಡಿಕೊಟ್ಟಿದ್ದ. ಹತ್ತು-ಹನ್ನೆರಡು ವರ್ಷಗಳ ನಂತರ ಅದಕ್ಕೆ ಬಣ್ಣ ಹಾಕಿದವನು ಫೈಟ್ ಷ್ಟೋಸ್, ಅವನೂ ದೊಡ್ಡ ಶಿಲ್ಪಿ. ಇನ್ನೊಬ್ಬನ ಅಷ್ಟು ನವಿರು ಕೆತ್ತನೆಯ ಮೇಲೆ ಬಣ್ಣ ಹಚ್ಚುವಾಗ ಅವನ ಕೈ ನಡುಗಲಿಲ್ವಾ?

ಚಿನ್ನದ ಕೆಲಸ ಮಜಾ ಕೊಟ್ಟಿತು. ಕೆಂಪು ಜೇಡಿಮಣ್ಣು ಬಳಿದು, ಒದ್ದೆ ಮಾಡಿ, ರೇಕನ್ನು ಅಳಿಲುಕೂದಲಿನ ಕುಂಚದಿಂದ ಎತ್ತಿ ಇಡುವುದು. ಕುಂಚವನ್ನು ಮೊದಲು ಕೆನ್ನೆಗೆ ಸವರಿಕೊಂಡರೆ ಆ ಚೂರು ಜಿಡ್ಡಿಗೆ ರೇಕು ಅಂಟುತ್ತದೆ. ಕೆಲವು ಗಂಟೆ ಬಿಟ್ಟು ಅಗೇಟ್ ಕಲ್ಲಿನಿಂದ ಉಜ್ಜಬೇಕು. ಬೇಗ ಉಜ್ಜಿದರೆ ಚಿನ್ನ ಕಿತ್ತು ಬರುತ್ತದೆ, ತಡವಾದರೆ ಹೊಳಪೇ ಬರುವುದಿಲ್ಲ.

ಮುಖದ ಬಣ್ಣವನ್ನು ಮೂರು ಸಲ ಅಳಿಸಿದ್ದೇನೆ. ತುಟಿ ಈಗಲೂ ಸ್ವಲ್ಪ ಜಾಸ್ತಿ ಕೆಂಪು.