ಬೂದು ನೆಲ, ಕೆಂಪು ಮರ: ಹಳೆ ಫರ್ನಿಚರ್ ಉಳಿಸಿದ ನನ್ನ ಅನುಭವ

ಹೊಸ ನೆಲ ಹಾಕಿಸಿದ ಮೇಲೆ ಹಳೆ ಮರದ ಸಾಮಾನು ಹೊಂದುತ್ತಿಲ್ಲ ಅಂತ ನನ್ನ ಹತ್ತಿರ ಬರುವವರು ಈಚೆಗೆ ಜಾಸ್ತಿ ಆಗಿದ್ದಾರೆ. ಬರುವ ಹೊತ್ತಿಗೆ ಅವರಿಗೆ ಎರಡು ಸಲಹೆ ಸಿಕ್ಕಿರುತ್ತದೆ. ಒಂದು, ಎಲ್ಲ ಮಾರಿ ಹೊಸದು ತಗೊಳ್ಳಿ. ಇನ್ನೊಂದು, ಎಲ್ಲವನ್ನೂ ನೆಲದ ಬಣ್ಣಕ್ಕೇ ಪಾಲಿಶ್ ಮಾಡಿಸಿ. ನಾನು ಎರಡನ್ನೂ ಒಪ್ಪುವುದಿಲ್ಲ. ಮರದ ಕೆಂಪನ್ನು ಸ್ವಲ್ಪ ತಗ್ಗಿಸಬೇಕು, ನೆಲಕ್ಕೂ ಮರಕ್ಕೂ ತಿಳಿ-ಗಾಢದ ಅಂತರ ಚೆನ್ನಾಗಿ ಬಿಡಬೇಕು, ಅಷ್ಟೇ. ಹೀಗೆ ಹೇಳಿದಾಗ ನನ್ನ ಜೊತೆ ಕೆಲಸ ಮಾಡುವ ಬಡಗಿಗಳೇ ನಂಬಿರಲಿಲ್ಲ. ಶಿವಮೊಗ್ಗದ ಒಂದು ಮನೆಯಲ್ಲಿ ಮಾಡಿ ತೋರಿಸಿದ ಮೇಲೆ ಈಗ ಅವರೇ ನಾಲ್ಕು ಜನಕ್ಕೆ ಹೇಳುತ್ತಿದ್ದಾರೆ. ಹಾಗಾಗಿ ಬರೆದಿಡುತ್ತಿದ್ದೇನೆ.

ಮನೆ ಹಳೆಯದು. ಮೊದಲು ರೆಡ್ ಆಕ್ಸೈಡ್ ನೆಲ ಇತ್ತು. ಅಲ್ಲಲ್ಲಿ ಬಿರುಕು ಬಿಟ್ಟಿದೆ ಅಂತ ಆ ಮನೆಯ ಮಗ ಬೆಂಗಳೂರಿನಿಂದ ಬಂದು, ಮರದ ಗೆರೆ ಪ್ರಿಂಟ್ ಇರುವ ವಿಟ್ರಿಫೈಡ್ ಟೈಲ್ಸ್ ಹಾಕಿಸಿದ್ದರು. ಎಂಟು ಇಂಚು ಅಗಲ, ನಾಲ್ಕು ಅಡಿ ಉದ್ದದ ಪಟ್ಟಿಗಳು, ಬಣ್ಣ ಬೂದಿಯದು. ಸಾಮಾನು ಮಾತ್ರ ತಾತನ ಕಾಲದ್ದು: ತೇಗದ ದಿವಾನ್ ಮತ್ತು ಊಟದ ಮೇಜು, ಹಲಸಿನ ಮರದ ದೊಡ್ಡ ಬೀರು, ಬೀಟೆ ಕುರ್ಚಿಗಳು, ಮೈಸೂರು ಇನ್‌ಲೇ ಕೆಲಸದ ಒಂದು ಟೀಪಾಯಿ. ಟೈಲ್ಸ್ ಕೂತ ದಿನವೇ ಮನೆಯಲ್ಲಿ ಗಲಾಟೆ. ದಿವಾನ್ ಇಟ್ಟಿಗೆ ಕೆಂಪಾಗಿ ಕಾಣುತ್ತಿದೆ, ಬೀಟೆ ಬರೀ ಕಪ್ಪಾಗಿ ಕಾಣುತ್ತಿದೆ ಅಂತ. ಹಳೆ ಸಾಮಾನು ಕೊಳ್ಳುವವನೊಬ್ಬ ಬಂದು ಎಲ್ಲಕ್ಕೂ ಸೇರಿ ನಲವತ್ತು ಸಾವಿರದ ಹತ್ತಿರ ಹೇಳಿ ಹೋಗಿದ್ದ. ಬೀಟೆ ಕುರ್ಚಿ ಒಂದಕ್ಕೇ ಅದರ ಅರ್ಧ ಬೆಲೆ ಬಾಳುತ್ತದೆ. ಹೊಸ ಸೋಫಾ, ಡೈನಿಂಗ್ ಟೇಬಲ್, ವಾರ್ಡ್‌ರೋಬ್ ಅಂತ ಮಗ ತಂದ ಅಂದಾಜು ನಾಲ್ಕೂವರೆ ಲಕ್ಷ ದಾಟಿತ್ತು.

ಮನೆಯ ಅಜ್ಜಿ ನನ್ನನ್ನು ಕರೆದು, "ದಿವಾನು ನಮ್ಮೆಜಮಾನ್ರು ನಿಂತು ಮಾಡಿಸಿದ್ದು ಕಣಪ್ಪ. ಅದನ್ನ ಮಾರಕ್ಕೆ ನಾನು ಬಿಡಲ್ಲ. ನೀನೇ ಏನಾದ್ರೂ ಮಾಡು" ಅಂದರು. ಮಗ ಪಕ್ಕದಲ್ಲೇ ನಿಂತು, "ಬೂದು ಬಣ್ಣಕ್ಕೇ ಪಾಲಿಶ್ ಮಾಡಿಬಿಡಿ, ಮುಗಿದುಹೋಗುತ್ತೆ" ಅಂತಿದ್ದರು.

ಇಲ್ಲಿ ಒಂದು ವಿಷಯ ಗಮನಿಸಿ. ನಲವತ್ತು ವರ್ಷ ಆ ದಿವಾನ್ ಯಾರಿಗೂ ಕೆಂಪಾಗಿ ಕಂಡಿರಲಿಲ್ಲ. ಯಾಕೆಂದರೆ ಕೆಳಗಿದ್ದ ನೆಲ ಅದಕ್ಕಿಂತ ಕೆಂಪಾಗಿತ್ತು. ರೆಡ್ ಆಕ್ಸೈಡ್ ಪಕ್ಕದಲ್ಲಿ ಮರದ ಕೆಂಪು ಮುಚ್ಚಿಹೋಗುತ್ತದೆ, ಬಂಗಾರದ ಕಂದು ಮಾತ್ರ ಮೇಲೆ ಬರುತ್ತದೆ. ಆ ನೆಲ ತೆಗೆದು ಬೂದು ಹಾಕಿದ ತಕ್ಷಣ ಮರದೊಳಗಿದ್ದ ಕೆಂಪೆಲ್ಲ ಎದ್ದು ನಿಲ್ಲುತ್ತದೆ. ನಮ್ಮ ಕಡೆ ರೆಡ್ ಆಕ್ಸೈಡ್ ಕಿತ್ತು ಟೈಲ್ಸ್ ಹಾಕಿಸಿದ ಬಹುಪಾಲು ಮನೆಗಳ ಕಥೆ ಇದೇ. ಮರ ಕೆಟ್ಟಿರುವುದಿಲ್ಲ, ಪಕ್ಕದ ಬಣ್ಣ ಬದಲಾಗಿರುತ್ತದೆ. ಇದನ್ನು ಬಿಟ್ಟು ನೆಲದ ಬಣ್ಣಕ್ಕೆ ಮರವನ್ನು ಎಳೆಯಲು ಹೋದರೆ ದುಡ್ಡು ಹೋಗುತ್ತದೆ, ಮರವೂ ಹೋಗುತ್ತದೆ.

ಮಗನ ಸಮಾಧಾನಕ್ಕೆ ಬೂದು ಸ್ಟೇನ್, ಅಂದರೆ ಮರಕ್ಕೆ ಬಣ್ಣ ಹಿಡಿಸುವ ದ್ರವ, ಕೂಡ ಹಚ್ಚಿ ತೋರಿಸಿದೆ. ಬೀರುವಿನ ಹಿಂಭಾಗದ ಹಲಗೆ ಮೇಲೆ, ಸಣ್ಣ ತೇಪೆ. ಹಲಸಿನ ಮರದಲ್ಲಿ ಹಳದಿ ಇರುತ್ತದೆ. ಬೂದು ಅಂದರೆ ಅಂಗಡಿಯ ಸ್ಟೇನ್‌ಗಳಲ್ಲಿ ನೀಲಿ ಸೇರಿರುತ್ತದೆ. ಹಳದಿ ಮೇಲೆ ನೀಲಿ ಬಿದ್ದರೆ ಏನಾಗುತ್ತದೆ ಅಂತ ಗೊತ್ತಲ್ಲ, ಹಲಗೆ ಪಾಚಿ ಹಸಿರಾಯಿತು. ತೇಗದ ಮೇಲೆ ಹಚ್ಚಿದ ತೇಪೆ ಹಸಿರಾಗಲಿಲ್ಲ, ಆದರೆ ಕೆಸರು ಮೆತ್ತಿದ ಹಾಗೆ ಗೆರೆಯೆಲ್ಲ ಮುಚ್ಚಿಹೋಯಿತು. ತೇಗವನ್ನು ಮೊದಲು ಬಿಳುಪು ಮಾಡಿ ಆಮೇಲೆ ಸ್ಟೇನ್ ಹಾಕೋಣ ಅಂತ ಒಬ್ಬ ಸಹೋದ್ಯೋಗಿ ಹೇಳಿದ. ಆಕ್ಸಾಲಿಕ್ ಆಸಿಡ್‌ನಲ್ಲಿ ನೀರಿನ ಕಲೆ, ಮೊಳೆ ಸುತ್ತಲಿನ ಕಪ್ಪು ಕಲೆ ಹೋಗುತ್ತದೆ, ಮರದ ಸ್ವಂತ ಬಣ್ಣ ಹೋಗುವುದಿಲ್ಲ. ಸ್ವಂತ ಬಣ್ಣ ತೆಗೆಯಲು ಕಾಸ್ಟಿಕ್ ಸೋಡಾ ಮತ್ತು ಪೆರಾಕ್ಸೈಡ್ ಬ್ಲೀಚ್ ಬೇಕು. ಒಂದು ಡ್ರಾಯರ್ ಮುಖಕ್ಕೆ ಮಾಡಿ ನೋಡಿದೆವು. ಬಣ್ಣ ಇಳಿಯಿತು, ಜೊತೆಗೆ ಜೀವವೂ ಇಳಿಯಿತು. ರಟ್ಟಿನ ಹಾಗೆ ಕಂಡಿತು. ಇಡೀ ಮನೆಗೆ ಹೀಗೆ ಮಾಡಿದರೆ ಲೇಬರ್ ಸೇರಿ ಒಂದು ಲಕ್ಷ ದಾಟುತ್ತಿತ್ತು. ಆ ಡ್ರಾಯರ್ ನೋಡಿದ ಮೇಲೆ ಮಗನೂ ಸುಮ್ಮನಾದರು.

ಇದಕ್ಕೂ ಮೊದಲು ಬೇರೊಬ್ಬ ಪೇಂಟರ್ ಬಂದು ಬೀರುವಿನ ಒಂದು ಬಾಗಿಲನ್ನು 80 ನಂಬರ್ ಉಪ್ಪುಕಾಗದ ಹಾಕಿ ಬೋಳಿಸಿ ಹೋಗಿದ್ದ. ಹಲಸಿನ ಮರಕ್ಕೆ ಇಂಥ ಅನ್ಯಾಯ ಮಾಡಬಾರದು. ಹಲಸು ಹೊಸದರಲ್ಲಿ ಅರಿಶಿನದ ಬಣ್ಣ ಇರುತ್ತದೆ. ಗಾಳಿ ಬೆಳಕು ತಾಗಿ ವರ್ಷಗಳಲ್ಲಿ ಕೆಂಗಂದು ಬರುತ್ತದೆ. ಆ ಬಣ್ಣ ಮೇಲ್ಪದರದಲ್ಲಿ ಮಾತ್ರ. ಕೆರೆದರೆ ಒಳಗಿನ ಅರಿಶಿನ ಮತ್ತೆ ಹೊರಗೆ. ಒಂದು ಬಾಗಿಲು ಕಂದು, ಇನ್ನೊಂದು ಬಾಗಿಲು ಹಳದಿ. ಆ ಬಾಗಿಲನ್ನು ಬಿಚ್ಚಿ ತಾರಸಿ ಮೇಲೆ ಬಿಸಿಲಿಗೆ ಇಟ್ಟೆ. ಬೇಸಿಗೆ ಆಗಿದ್ದು ಪುಣ್ಯ. ಒಂದೂವರೆ ತಿಂಗಳಲ್ಲಿ ಮುಕ್ಕಾಲು ಪಾಲು ಬಣ್ಣ ವಾಪಸ್ ಬಂತು. ನಂಬಿಕೆ ಬರಲಿ ಅಂತ ಪಕ್ಕದಲ್ಲಿ ಒಂದು ಹಲಸಿನ ತುಂಡಿಗೆ ಅರ್ಧ ಪೇಪರ್ ಸುತ್ತಿ ಇಟ್ಟಿದ್ದೆ. ಪೇಪರ್ ಬಿಚ್ಚಿದಾಗ ಗೆರೆ ಹಾಕಿದ ಹಾಗೆ ಎರಡು ಬಣ್ಣ. ಆ ತುಂಡು ಈಗಲೂ ನನ್ನ ಅಂಗಡಿಯಲ್ಲಿದೆ, ಗಿರಾಕಿಗಳಿಗೆ ತೋರಿಸಲಿಕ್ಕೆ.

ಈಗ ನಾನು ಮಾಡಿದ್ದು.

ಮೊದಲು ಹಳೆ ಪಾಲಿಶ್ ಯಾವುದು ಅಂತ ತಿಳಿಯಬೇಕು. ಹತ್ತಿಗೆ ಸ್ಪಿರಿಟ್ ಅದ್ದಿ, ಕಾಲಿನ ಒಳಭಾಗದಲ್ಲಿ ಅರ್ಧ ನಿಮಿಷ ಒತ್ತಿ ಹಿಡಿದೆ. ತೆಗೆಯುವಾಗ ಹತ್ತಿ ಅಂಟಿಕೊಂಡಿತು, ಎಳೆ ಎಳೆಯಾಗಿ ಬಂತು, ಹತ್ತಿಯ ಮೇಲೆ ಟೀ ಬಣ್ಣ ಇಳಿದಿತ್ತು. ಅಂದರೆ ಅರಗಿನ ಫ್ರೆಂಚ್ ಪಾಲಿಶ್, ಸ್ಪಿರಿಟ್‌ನಲ್ಲಿ ಅರಗು ಕರಗಿಸಿ ಹಚ್ಚುವಂಥದ್ದು. ಸ್ಪಿರಿಟ್‌ಗೆ ಕರಗದೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಥಿನ್ನರ್‌ಗೆ ಮೆತ್ತಗಾದರೆ ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ ಮೆಲಮೈನ್ ಅಥವಾ ಪಿಯು (ಪಾಲಿಯುರೆಥೇನ್) ಎಂಬ ಗಟ್ಟಿ ಪಾಲಿಶ್. ದಿವಾನ್, ಬೀರು, ಕುರ್ಚಿ ಎಲ್ಲ ಅರಗು. ಊಟದ ಮೇಜಿನ ಮೇಲ್ಭಾಗಕ್ಕೆ ಮಾತ್ರ ನಡುವೆ ಯಾರೋ ಮೆಲಮೈನ್ ಹೊಡೆದಿದ್ದರು.

ಅರಗು ಸಿಕ್ಕಿದ್ದು ನನಗೆ ಲಾಟರಿ. ಯಾಕೆಂದರೆ ಮರದ ಕೆಂಪಿನಲ್ಲಿ ಅರ್ಧ ಪಾಲು ಮರದ್ದಲ್ಲ, ಹಳೆ ಕಿತ್ತಳೆ ಅರಗಿನದು. ಅದರ ಮೇಲೆ ಹೊಗೆ, ಎಣ್ಣೆ, ಕೈ ಜಿಡ್ಡು. ಪೂರ್ತಿ ಬೋಳಿಸುವುದು ಬೇಡ. ಸ್ಪಿರಿಟ್ ಬಟ್ಟೆಯಲ್ಲಿ ಮೇಲಿನ ಪದರ ಮಾತ್ರ ತೆಳುವಾಗಿ ಇಳಿಸಿದೆ. ದಿವಾನ್ ತೋಳಿನ ಮೇಲೆ ಅರ್ಧ ಇಳಿಸಿ ಅರ್ಧ ಬಿಟ್ಟು ಅಜ್ಜಿಗೆ ತೋರಿಸಿದಾಗ, "ಅಯ್ಯೋ, ಇದು ಮಾಡಿಸಿದಾಗ ಹಿಂಗೇ ಇತ್ತಲ್ಲ" ಅಂದರು.

ಉಳಿದ ಕೆಂಪಿಗೆ ರಾ ಅಂಬರ್, ಅಂದರೆ ಸುಡದ ಕಂದು ಮಣ್ಣಿನ ಬಣ್ಣದ ಪುಡಿ. ಇದೇ ಕೆಲಸದ ಗುಟ್ಟು. ನಮ್ಮವರು ಅಂಬರ್ ಅಂದ ಕೂಡಲೇ ಬರ್ಂಟ್ ಅಂಬರ್ ತರುತ್ತಾರೆ. ಅದು ಸುಟ್ಟಿದ್ದು, ಅದರಲ್ಲೇ ಕೆಂಪಿದೆ. ಹಚ್ಚಿದರೆ ಇನ್ನೂ ಕೆಂಪಾಗುತ್ತದೆ. ರಾ ಅಂಬರ್‌ನಲ್ಲಿ ಹಸಿರಿನ ಛಾಯೆ ಇರುತ್ತದೆ, ಅದು ಕೆಂಪನ್ನು ಕೊಲ್ಲುತ್ತದೆ. ಮೊದಲು ತೆಳು ಅರಗಿನ ಒಂದು ಕೋಟ್ ಕೊಟ್ಟು ಮರವನ್ನು ಮುಚ್ಚಿದೆ. ಕಿತ್ತಳೆ ಅರಗು ಅಲ್ಲ, ಮೇಣ ತೆಗೆದ ತಿಳಿ ಅರಗು. ಅದರ ಮೇಲೆ ರಾ ಅಂಬರ್ ಪುಡಿಯನ್ನು ಅಗಸೆ ಎಣ್ಣೆ ಮತ್ತು ಟರ್ಪೆಂಟೈನ್‌ನಲ್ಲಿ ಕಲಸಿ, ಬ್ರಷ್‌ನಲ್ಲಿ ಬಳಿದು, ಐದು ನಿಮಿಷ ಬಿಟ್ಟು, ಹಳೆ ಬನಿಯನ್ ಬಟ್ಟೆಯಲ್ಲಿ ಗೆರೆ ಹೋಗುವ ದಿಕ್ಕಿಗೇ ಒರೆಸಿದೆ. ಒರೆಸುವಾಗ ಕೈ ಹಗುರ ಇರಬೇಕು. ಮೂಲೆಯಲ್ಲಿ, ಕಡೆದ ಗೆರೆಗಳಲ್ಲಿ ಸ್ವಲ್ಪ ಉಳಿದರೆ ಚೆಂದ. ಜಾಸ್ತಿ ಆಯಿತು ಅನಿಸಿದರೆ ಟರ್ಪೆಂಟೈನ್ ಬಟ್ಟೆಯಲ್ಲಿ ಎಲ್ಲ ಒರೆಸಿ ಮತ್ತೆ ಶುರು ಮಾಡಬಹುದು, ಕೆಳಗಿನ ಅರಗು ಕದಲುವುದಿಲ್ಲ. ಒಣಗಿದ ಮೇಲೆ ಮತ್ತೆ ತಿಳಿ ಅರಗು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಎಸೆಯಬೇಡಿ. ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಬಿಡಿಸಿ ಹೊರಗೆ ಒಣಗಿಸಿ.

ಅಂಬರ್ ಜೊತೆ ನಾನು ಇನ್ನೊಂದು ಪುಡಿ ಚಿಟಿಕೆಯಷ್ಟು ಸೇರಿಸುತ್ತೇನೆ. ಯಾವುದು, ಎಷ್ಟು ಅಂತ ಇಲ್ಲಿ ಹೇಳುವುದಿಲ್ಲ. ಅದು ನನ್ನ ಅನ್ನ. ಅದಿಲ್ಲದೆಯೂ ನೂರಕ್ಕೆ ಎಂಬತ್ತು ಭಾಗ ಫಲ ಸಿಗುತ್ತದೆ.

ಮೆಲಮೈನ್ ಮೇಜಿಗೆ ಇದು ನಡೆಯಲಿಲ್ಲ. ಹಚ್ಚಿದ್ದೆಲ್ಲ ಜಾರಿತು. ಅದನ್ನು 220, ಆಮೇಲೆ 320 ನಂಬರ್ ಉಪ್ಪುಕಾಗದದಲ್ಲಿ ಉಜ್ಜಿ ಮಂಕು ಮಾಡಿದ ಮೇಲೆ ಹಿಡಿಯಿತು. ಮೇಲೆ ಮ್ಯಾಟ್ ಪಿಯು ಕೊಟ್ಟೆ. ಊಟದ ಮೇಜಿಗೆ ಅರಗು ಸಾಲದು, ಬಿಸಿ ಪಾತ್ರೆ ಇಟ್ಟರೆ ಬಿಳಿ ಉಂಗುರ ಬೀಳುತ್ತದೆ. ಇನ್‌ಲೇ ಟೀಪಾಯಿಯನ್ನು ನಾನು ಸ್ಪಿರಿಟ್‌ಗೂ ಥಿನ್ನರ್‌ಗೂ ಮುಟ್ಟಿಸಲಿಲ್ಲ. ಒಳಗೆ ಕೂರಿಸಿದ ಬಿಳಿ ಪ್ಲಾಸ್ಟಿಕ್ ಇದ್ದರೆ ಕರಗಿ ಹೋಗಬಹುದು. ಬರೀ ಮೇಣ ಉಜ್ಜಿದೆ.

ಈಗ ತಿಳಿ-ಗಾಢದ ಮಾತು. ಮೊಬೈಲ್‌ನಲ್ಲಿ ನೆಲವೂ ಫರ್ನಿಚರ್ ಕಾಲೂ ಒಟ್ಟಿಗೆ ಬರುವ ಹಾಗೆ ಫೋಟೋ ತೆಗೆದು ಕಪ್ಪು-ಬಿಳುಪು ಮಾಡಿ ನೋಡಿ. ಎರಡೂ ಒಂದೇ ಬೂದು ಬಂದರೆ ಸಾಮಾನು ನೆಲದಲ್ಲಿ ಕರಗಿಹೋಗುತ್ತದೆ. ಒಂದು ಕೂದಲೆಳೆ ವ್ಯತ್ಯಾಸ ಇದ್ದರೆ ಅದು ಇನ್ನೂ ಕೆಟ್ಟದ್ದು, ಮ್ಯಾಚ್ ಮಾಡಲು ಹೋಗಿ ತಪ್ಪಿದ ಹಾಗೆ ಕಾಣುತ್ತದೆ. ವ್ಯತ್ಯಾಸ ಎದ್ದು ಕಾಣಬೇಕು. ಆ ಮನೆಯಲ್ಲಿ ಬೀಟೆಗೆ ಚಿಂತೆ ಇರಲಿಲ್ಲ. ತೇಗ ಮಾತ್ರ ನೆಲಕ್ಕೆ ತೀರ ಹತ್ತಿರ ಇತ್ತು. ಅದಕ್ಕೇ ಅಂಬರ್ ಎರಡನೇ ಸಲ ಕೊಟ್ಟು ಒಂದು ಮೆಟ್ಟಿಲು ಗಾಢ ಮಾಡಿದೆ. ಮಗನಿಗೆ ತಿಳಿ ಮಾಡಬೇಕಿತ್ತು, ನಾನು ಗಾಢ ಮಾಡಿದೆ. ಇದರಲ್ಲೇ ದೊಡ್ಡ ಚರ್ಚೆ ಆಗಿದ್ದು.

ನಮ್ಮ ಮನೆಗಳಲ್ಲಿ ಇನ್ನೊಂದು ಅನುಕೂಲ ಇದೆ. ದಾರಂದ, ಬಾಗಿಲು, ಕಿಟಕಿ, ಹೊಸ್ತಿಲು ಎಲ್ಲ ಮರದ್ದೇ. ಫರ್ನಿಚರ್ ಅವುಗಳ ಜೊತೆ ಹೊಂದಿದರೆ ನೆಲ ಬೇರೆ ಆದರೂ ಕೋಣೆ ಒಂದಾಗಿ ಕಾಣುತ್ತದೆ. ಟೈಲ್ಸ್‌ನವರು ಗೋಡೆಯ ಬುಡಕ್ಕೂ ಬೂದು ಸ್ಕರ್ಟಿಂಗ್ ಹಚ್ಚಿದ್ದರು. ಹಾಲ್‌ನಲ್ಲಿ ಅದನ್ನು ತೆಗೆಸಿ, ಹಿತ್ತಲಲ್ಲಿ ಬಿದ್ದಿದ್ದ ಹಳೆ ತೇಗದ ತುಂಡುಗಳನ್ನು ಸೀಳಿಸಿ ಮೂರು ಇಂಚಿನ ಪಟ್ಟಿ ಹೊಡೆಸಿದೆ. ಮರದ ದುಡ್ಡು ಸೊನ್ನೆ, ಮಿಲ್ಲಿಗೆ ಮತ್ತು ಕೂಲಿಗೆ ಐದಾರು ಸಾವಿರ ಆಗಿರಬೇಕು. ದಾರಂದದಿಂದ ದಾರಂದಕ್ಕೆ ಒಂದೇ ಮರ ಓಡಿದ ಕೂಡಲೇ ದಿವಾನ್‌ಗೆ ಬಳಗ ಸಿಕ್ಕಿತು. ದೇವರ ಮನೆ ಹೊಸ್ತಿಲಿಗೆ ನಾನು ಕೈ ಹಚ್ಚಲಿಲ್ಲ. ಅರಿಶಿನ ಕುಂಕುಮ ಕುಡಿದ ಮರಕ್ಕೆ ಯಾವ ಪಾಲಿಶ್ ಬೇಕು?

ದಿವಾನ್ ಕೆಳಗೆ ನವಲಗುಂದದ ಒಂದು ಜಮಖಾನೆ ಹಾಸಿಸಿದೆ, ಅಂಚಿನಲ್ಲಿ ಕೆಂಪು ಇರುವಂಥದ್ದು. ಕೋಣೆಯಲ್ಲಿ ಕೆಂಪು ಇನ್ನೊಂದು ಕಡೆಯೂ ಇದ್ದರೆ ಮರದ ಕೆಂಪು ಒಂಟಿಯಾಗಿ ಚುಚ್ಚುವುದಿಲ್ಲ.

ಬಲ್ಬಿನ ವಿಷಯಕ್ಕೆ ಯಾರೂ ಬೆಲೆ ಕೊಡುವುದಿಲ್ಲ, ಅಲ್ವಾ? ಆ ಹಾಲ್‌ನಲ್ಲಿ ಇದ್ದದ್ದು 6500 ಕೆಲ್ವಿನ್‌ನ ಹಾಲಿನ ಬಿಳಿ ಎಲ್‌ಇಡಿ. ಅದರ ಕೆಳಗೆ ಬೀಟೆ ಇದ್ದಿಲಿನ ಬಣ್ಣ. ಹಳದಿ ಬೆಳಕಿನ 3000 ಕೆಲ್ವಿನ್ ಹಾಕಿ ನೋಡಿದೆ, ಬೀಟೆಯ ನೇರಳೆ ಗೆರೆ ಬಂತು, ಆದರೆ ತೇಗ ಮತ್ತೆ ಕೆಂಪಾಯಿತು. ಎರಡರ ನಡುವಿನ 4000ಕ್ಕೆ ನಿಲ್ಲಿಸಿದೆ. ಖರ್ಚು ಎರಡು ಸಾವಿರದ ಒಳಗೆ. ಸ್ಯಾಂಪಲ್ ಹಚ್ಚಿದಾಗ ಬೆಳಗ್ಗೆ ಕಿಟಕಿ ಹತ್ತಿರ ಒಮ್ಮೆ, ರಾತ್ರಿ ಬಲ್ಬಿನ ಕೆಳಗೆ ಒಮ್ಮೆ, ಅದೇ ನೆಲದ ಮೇಲೆ ಇಟ್ಟು ನೋಡಿ. ಅಂಗಡಿಯಲ್ಲಿ ಟ್ಯೂಬ್‌ಲೈಟ್ ಕೆಳಗೆ ಒಪ್ಪಿದ ಬಣ್ಣ ಮನೆಯಲ್ಲಿ ಒಪ್ಪುವ ಗ್ಯಾರಂಟಿ ಇಲ್ಲ.

ನಡುವೆ ಒಂದು ಪ್ರಯೋಗ. ಕಬ್ಬಿಣದ ಸ್ಟೀಲ್ ವೂಲನ್ನು ವಿನಿಗರ್‌ನಲ್ಲಿ ಒಂದು ವಾರ ನೆನೆಸಿ, ಆ ನೀರನ್ನು ಮರಕ್ಕೆ ಹಚ್ಚಿದರೆ ಬಣ್ಣ ಕಪ್ಪಾಗುತ್ತದೆ. ಮರದಲ್ಲಿ ಒಗರು ಇದ್ದಷ್ಟೂ ಕಪ್ಪು. ಅಕೇಶಿಯಾ ತುಂಡು ಕಣ್ಣೆದುರೇ ಕಪ್ಪಾಯಿತು. ತೇಗ ತೇಪೆ ತೇಪೆಯಾಗಿ ಬೂದುಗಂದಾಯಿತು, ಮುಖಕ್ಕೆ ಹಚ್ಚುವಂಥದ್ದಲ್ಲ. ಮೊದಲು ಅದೇ ಒಗರಿರುವ ಗಟ್ಟಿ ಟೀ ಡಿಕಾಕ್ಷನ್ ಬಳಿದು ಆಮೇಲೆ ಹಚ್ಚಿದಾಗ ಸಮನಾಗಿ ಹಿಡಿಯಿತು. ಅಜ್ಜಿಯ ಅಕೇಶಿಯಾ ಸ್ಟೂಲ್ ಒಂದನ್ನು ಹೀಗೆ ಕಪ್ಪು ಮಾಡಿ ಬೀಟೆ ಕುರ್ಚಿ ಪಕ್ಕ ಇಟ್ಟೆ. ಬಂದವರು ಅದನ್ನೂ ಬೀಟೆ ಅಂದುಕೊಳ್ಳುತ್ತಾರಂತೆ.

ಕೊನೆಯ ಕೋಟ್ ಹೊತ್ತಿಗೆ ಮಳೆ ಶುರುವಾಗಿ ಬೀರುವಿನ ಮೇಲೆ ಅರಗು ಬಿಳಿ ಮಂಜು ಹಿಡಿಯಿತು. ಥಂಡಿಯಲ್ಲಿ ಇದು ಗ್ಯಾರಂಟಿ. ಕೋಣೆ ಬಾಗಿಲು ಹಾಕಿ ಹೀಟರ್ ಇಟ್ಟು, ತೇವ ಆರಿದ ಮೇಲೆ ಹೀಟರ್ ಆಚೆ ಹಾಕಿ, ಬಟ್ಟೆ ಉಂಡೆಯಲ್ಲಿ ಬರೀ ಸ್ಪಿರಿಟ್ ತೇಲಿಸಿ ಎಳೆದೆ, ಮಂಜು ಹೋಯಿತು. ಹೀಟರ್ ಉರಿಯುವಾಗ ಮಾತ್ರ ಸ್ಪಿರಿಟ್ ಬಾಟಲಿ ಕೋಣೆಯಲ್ಲಿ ಇರಕೂಡದು. ಮಲೆನಾಡಿನ ಅಂಚಿನಲ್ಲಿ ಕೆಲಸ ಮಾಡುವವರು ಏಪ್ರಿಲ್ ಒಳಗೆ ಮುಗಿಸಿಕೊಳ್ಳಿ.

ಒಟ್ಟು ಲೆಕ್ಕ ಅರವತ್ತೈದು ಸಾವಿರದ ಆಸುಪಾಸು. ಅದರಲ್ಲಿ ಸಾಮಗ್ರಿ ಹದಿನೈದು ಸಾವಿರ ದಾಟಿಲ್ಲ, ಉಳಿದದ್ದು ಕೂಲಿ ಮತ್ತು ನನ್ನ ಸಮಯ. ನಾಲ್ಕೂವರೆ ಲಕ್ಷದ ಎದುರು ಇದು. ಮಗ ಈಗ ಬೆಂಗಳೂರಿನ ತಮ್ಮ ಫ್ಲ್ಯಾಟ್‌ಗೆ ಎರಡು ಬೀಟೆ ಕುರ್ಚಿ ಕೇಳುತ್ತಿದ್ದಾರೆ. ಅಜ್ಜಿ ಕೊಟ್ಟಿಲ್ಲ.

ಈಗ ಸಾಗರದ ಕಡೆ ಒಂದು ಮನೆ ಹಿಡಿದಿದ್ದೇನೆ. ಅಲ್ಲಿ ಕೋಟಾ ಕಲ್ಲಿನ ನೆಲ, ಹಸಿರು. ಹಸಿರಿನ ಪಕ್ಕ ಕೆಂಪು ಮರ ಇನ್ನೂ ಕೆಂಪಾಗಿ ಕಾಣುತ್ತದೆ, ರಾ ಅಂಬರ್ ಒಂದರಿಂದ ಆಗುತ್ತಿಲ್ಲ. ಸದ್ಯಕ್ಕೆ ಒಂದು ಬೆಂಚಿನ ಕೆಳಗೆ ಮೂರು ಬಗೆ ತೇಪೆ ಹಚ್ಚಿ, ಬೆಳಗ್ಗೆ ರಾತ್ರಿ ನೋಡಿ ಹೇಳಿ ಅಂತ ಮನೆಯವರಿಗೆ ಒಪ್ಪಿಸಿ ಬಂದಿದ್ದೇನೆ.